ಸಬ್‌ವೂಫರಿನ ಮೂಗುದಾರ

ಸ್ಟುಡಿಯೋ ಸಬ್‌ವೂಫರ್ ಅಂದರೆ ಬೇಸ್ ಎನ್ನುವ ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ. ಅದನ್ನು ತಯಾರಿಸುವವರು ಸದ್ದು ಹೊಂದಿಸುವ ತಿರುಪುಗಳನ್ನೆಲ್ಲ ಸಾಮಾನ್ಯವಾಗಿ ಹಿಂಬದಿಯಲ್ಲೇ ಇಡುತ್ತಾರೆ. ಕೊಂಡವರು ಆ ಹಿಂಬದಿಯನ್ನೇ ಗೋಡೆಗೆ ಆನಿಸಿ, ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳುತ್ತಾರೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಕಿವಿಗೆ ಅಷ್ಟಾಗಿ ತಿಳಿಯದ ಕಾರಣ ಈ ಅಜ್ಞಾತವಾಸಕ್ಕೆ ಶಾಸ್ತ್ರದ ಒಪ್ಪಿಗೆಯೂ ಇದೆ. ತೊಂದರೆ ಆಗುವುದು ಮನುಷ್ಯನಿಗೆ. ಬೇಸ್ ತುಸು ತಗ್ಗಿಸಬೇಕೆಂದರೆ ಮೊಣಕಾಲೂರಿ, ಕತ್ತು ಸೊಟ್ಟ ಮಾಡಿಕೊಂಡು, ಟಾರ್ಚಿನ ಬೆಳಕಿನಲ್ಲಿ ತಿರುಪನ್ನು ಹುಡುಕಿ ತಿರುಗಿಸಿ, ಮತ್ತೆ ಕುರ್ಚಿ ಏರಿ ಕೇಳುವಷ್ಟರಲ್ಲಿ ಮೊದಲಿನ ಸದ್ದು ಹೇಗಿತ್ತೆಂಬುದೇ ಮರೆತುಹೋಗಿರುತ್ತದೆ.

ಈ ಸಾಷ್ಟಾಂಗ ಸೇವೆಯಿಂದ ಬಿಡುಗಡೆ ಕೊಡಲೆಂದೇ ವೈರ್ ಇರುವ ರಿಮೋಟ್ ಬರುತ್ತದೆ. ಅಂಗೈಯಗಲದ ಡಬ್ಬಿ, ಅದರ ಮೇಲೊಂದು ವಾಲ್ಯೂಮ್ ತಿರುಪು, ಪಕ್ಕದಲ್ಲಿ ಸಬ್‌ವೂಫರನ್ನು ಸುಮ್ಮನಾಗಿಸುವ ಬೈಪಾಸ್ ಗುಂಡಿ. ಇದಕ್ಕೆ ಸೆಲ್ ಹಾಕಬೇಕಾಗಿಲ್ಲ, ಪೆಟ್ಟಿಗೆಯತ್ತ ಗುರಿಯಿಟ್ಟು ಒತ್ತಬೇಕಾಗಿಲ್ಲ, ಕಳೆದುಹೋದರೆ ವೈರ್ ಹಿಡಿದು ಎಳೆದರೆ ಸಾಕು ಎಂಬುದು ಇದರ ಪರವಾಗಿ ಹೇಳುವ ಮಾತು. ಆದರೆ ನನ್ನ ಮೇಜಿನ ಮೇಲಿನ ವೈರ್‌ಗಳೆಲ್ಲ ಕಪ್ಪಾಗಿರುವುದರಿಂದ ಎಳೆದಾಗ ಮೊದಲು ಬರುವುದು ಹೆಡ್‌ಫೋನ್, ಆಮೇಲೆ ಮೌಸ್. ಇದು ಸಬ್‌ವೂಫರಿಗೆ ಹಾಕಿದ ಮೂಗುದಾರ ಎಂದು ನಾನು ಭಾವಿಸಿದ್ದೆ. ವೈರ್ ಮುಗಿದಲ್ಲಿ ಗಕ್ಕನೆ ನಿಲ್ಲುವವನು ಮಾತ್ರ ಯಾವಾಗಲೂ ನಾನೇ.

ಕೈಗೆಟುಕಿದ ತಿರುಪನ್ನು ಕೈ ಸುಮ್ಮನೆ ಬಿಡುವುದಿಲ್ಲ ಎಂಬುದು ಇನ್ನೊಂದು ಪೇಚು. ಸದ್ದು ಮೆಲ್ಲಗಿದ್ದಷ್ಟೂ ಕಿವಿಗೆ ಬೇಸ್ ಇನ್ನಷ್ಟು ಕಡಿಮೆ ಕೇಳಿಸುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖೆ ಎಳೆದು ತೋರಿಸಿದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟ ನನ್ನ ಕೈ ರಾತ್ರಿ ಮೆಲುದನಿಯಲ್ಲಿ ಮಿಕ್ಸಿಂಗ್ (ಹಾಡಿನ ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ನಡೆಯುವಾಗ ತಿರುಪನ್ನು ಏರಿಸುತ್ತಲೇ ಹೋಗುತ್ತದೆ, ಬೆಳಿಗ್ಗೆ ವಾಲ್ಯೂಮ್ ಕೊಟ್ಟೊಡನೆ ಕಪಾಟಿನ ಗಾಜುಗಳು ಆ ಬೆಲೆಯನ್ನು ವಸೂಲಿ ಮಾಡುತ್ತವೆ.

ಆದರೂ ಇವೆಲ್ಲಕ್ಕಿಂತ ಘನವಾದದ್ದು ಕುರ್ಚಿಯ ಚಕ್ರದ ಪ್ರಕರಣ. ನನ್ನ ಸಬ್‌ವೂಫರಿನಲ್ಲಿ ರಿಮೋಟ್ ಚುಚ್ಚಿದರೆ ಹಿಂಬದಿಯ ತಿರುಪು ನಿವೃತ್ತವಾಗುತ್ತದೆ, ಪ್ಲಗ್ ಕಿತ್ತರೆ ಮತ್ತೆ ಅಧಿಕಾರಕ್ಕೆ ಬರುತ್ತದೆ. ಗೆಳೆಯನೊಬ್ಬ ತನ್ನ ಹಾಡು ಕೇಳಲು ಬಂದಿದ್ದ ದಿನ ಅವನ ಕುರ್ಚಿಯ ಚಕ್ರ ವೈರನ್ನು ಸುತ್ತಿಕೊಂಡು ಪ್ಲಗ್ಗನ್ನು ಸದ್ದಿಲ್ಲದೆ ಕಿತ್ತುಹಾಕಿತು. ಹಿಂಬದಿಯ ತಿರುಪು ಗರಿಷ್ಠಕ್ಕೆ ಹತ್ತಿರವಿದ್ದುದರಿಂದ ನೆಲ ಗುಮ್ಮೆಂದಿತು. ಗೆಳೆಯ ಕುರ್ಚಿಯೊಡನೆ ಹಿಂದೆ ಸರಿದು, "ಸ್ವಲ್ಪ ಇಳಿಸಪ್ಪಾ" ಎಂದ. ನಾನು ಇಳಿಸಿದೆ. "ಇನ್ನೂ ಒಂದು ಚೂರು" ಎಂದು ಮತ್ತಷ್ಟು ಸರಿದ. ನಾನು ಮತ್ತೆ ತಿರುಪು ತಿರುಗಿಸಿದೆ. "ಹಾಂ, ಈಗ ಸರಿಯಾಯಿತು ನೋಡು, ಕಿವಿ ಅಂದರೆ ಹೀಗಿರಬೇಕು" ಎಂದು ತನ್ನನ್ನು ತಾನೇ ಹೊಗಳಿಕೊಂಡ. ಆ ಹೊತ್ತಿಗೆ ಪ್ಲಗ್ ಅವನ ಚಪ್ಪಲಿಯ ಪಕ್ಕದಲ್ಲಿ ಬಿದ್ದಿತ್ತು.

ಅವನ ಕಿವಿಯನ್ನು ಪೂರ್ತಿ ಅಲ್ಲಗಳೆಯುವಂತೆಯೂ ಇಲ್ಲ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್; ಅಷ್ಟು ಉದ್ದವಿಲ್ಲದ ಕೋಣೆಯಲ್ಲಿ ಗೋಡೆಗೆ ಬಡಿದು ಮರಳುವ ಅಲೆಗಳು ಒಂದೆಡೆ ಕೂಡಿಕೊಂಡು ಗುಡುಗುತ್ತವೆ, ಇನ್ನೊಂದೆಡೆ ಒಂದನ್ನೊಂದು ಕಳೆದುಕೊಂಡು ಮೌನವಾಗುತ್ತವೆ. ಹಿಂದೆ ಸರಿಯುತ್ತ ಅವನು ಅಂಥದೊಂದು ತಗ್ಗಿಗೆ ಬಂದು ಕುಳಿತಿದ್ದ. ತಿರುಪು ಮಾಡಲಾರದ ಕೆಲಸವನ್ನು ಕುರ್ಚಿ ಮಾಡಿತ್ತು.

ಈಚೆಗೆ ಅವನು ಬಂದಾಗಲೆಲ್ಲ ರಿಮೋಟನ್ನು ಗೌರವದಿಂದ ಅವನ ಕೈಗೇ ಕೊಡುತ್ತೇನೆ. ಮನಸ್ಸು ತೃಪ್ತಿಯಾಗುವವರೆಗೂ ಅವನು ಏರಿಸಿ ಇಳಿಸಿ ನೋಡಲಿ. ಪ್ಲಗ್ಗನ್ನು ಚುಚ್ಚುವುದೋ ಬೇಡವೋ ಎಂಬ ತೀರ್ಮಾನವನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.