ಹೋದದ್ದು ರಕ್ತ, ಬಂದದ್ದು ಬಾಲ

ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಸಮೋವಾದಲ್ಲಿ 2019ರಲ್ಲಿ ದಡಾರ ಹಬ್ಬಿದಾಗ ಸತ್ತ 83 ಜನ ಯಾಕೆ ಸತ್ತರು ಅಂತ ಗೊತ್ತೇ ಇಲ್ಲವಂತೆ. ಹೇಳಿದ್ದು ವರ್ಷಗಟ್ಟಲೆ ಲಸಿಕೆಗಳ ಮೇಲೆ ಅನುಮಾನ ಹುಟ್ಟಿಸುತ್ತ ಬಂದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಸಾಹೇಬರು, 2025ರ ಜನವರಿಯಲ್ಲಿ, ಅಮೆರಿಕದ ಸೆನೆಟ್ ಮುಂದೆ ಕೂತು. ಹೆಚ್ಚಿನವರಿಗೆ ದಡಾರವೇ ಇರಲಿಲ್ಲವಂತೆ. ಸಮೋವಾದ ಆರೋಗ್ಯ ಇಲಾಖೆಯ ಮುಖ್ಯಸ್ಥರು ಇದು ಶುದ್ಧ ಸುಳ್ಳು ಅಂದರು. ಸೆನೆಟ್ ಅವರನ್ನು ಆರೋಗ್ಯ ಮಂತ್ರಿ ಮಾಡಿತು. ಕೆನಡಿಯವರನ್ನು, ಸಮೋವಾದವರನ್ನಲ್ಲ.

ಇದೆಲ್ಲ ನೀವು ಓದಿದ್ದೇ. ನನ್ನ ತಲೆಗೆ ಹುಳ ಬಿಟ್ಟದ್ದು ಬೇರೆ. 2019ರ ಜೂನ್‌ನಲ್ಲಿ ತಾವು ಸಮೋವಾಕ್ಕೆ ಹೋಗಿಬಂದ ಬಗ್ಗೆ ಸಾಹೇಬರು ಆಮೇಲೆ ಬರೆದುಕೊಂಡದ್ದರಲ್ಲಿ ಎರಡು ಪದ ಇವೆ: 'ಸಹಜ ಪ್ರಯೋಗ'. ಅಲ್ಲಿ ಲಸಿಕೆ ಕೆಲಕಾಲ ನಿಂತಿತ್ತಲ್ಲ, ಆಗ ಮಕ್ಕಳ ಆರೋಗ್ಯ ಹೇಗಿತ್ತು ಅಂತ ಅಳೆದು ನೋಡುವ ಕುತೂಹಲ ಅಲ್ಲಿನ ಅಧಿಕಾರಿಗಳಿಗೆ ಇತ್ತಂತೆ. ಆ ಪ್ರವಾಸಕ್ಕೂ ಲಸಿಕೆಗೂ ಸಂಬಂಧವೇ ಇಲ್ಲ ಅಂತಲೂ ಅವರೇ ಹೇಳಿದ್ದಾರೆ. ಎರಡನ್ನೂ ಒಟ್ಟಿಗೆ ನಂಬಿ. ಅಭ್ಯಾಸ ಆಗುತ್ತದೆ.

ಪ್ರಯೋಗ ಮಾಡುವವರಿಗೆ ದ್ವೀಪ ಅಂದರೆ ಯಾಕಿಷ್ಟು ಪ್ರೀತಿ ಅಂತ ಯೋಚಿಸಿದೆ. ಕಾರಣ ಸಲೀಸು. ಸುತ್ತ ನೀರು, ಜನ ಎಲ್ಲಿಗೂ ತಪ್ಪಿಸಿಕೊಂಡು ಹೋಗುವುದಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ನೆಂಟರು, ಹಾಗಾಗಿ ಜೀನ್ ಹುಡುಕುವುದು ಸುಲಭ. ದೊಡ್ಡ ಆಸ್ಪತ್ರೆ ಅಂತ ಇರುವುದೇ ಒಂದು. ಸಂಜೆ ನಾಲ್ಕಕ್ಕೆ ಸಿರಿಂಜು ಎತ್ತಿಟ್ಟರೆ ಮುಂದೆಯೇ ಸಮುದ್ರ. ಬೀದರಿನಲ್ಲೋ ಕೊಪ್ಪಳದಲ್ಲೋ ಈ ಅನುಕೂಲ ಎಲ್ಲಿ?

ನೌರು ನೋಡಿ. 21 ಚದರ ಕಿಲೋಮೀಟರ್ ದೇಶ. ಜನ ಸುಮಾರು 12 ಸಾವಿರ, ಅಂದರೆ ಬೆಂಗಳೂರಿನ ಒಂದು ವಾರ್ಡಿಗೂ ಸಾಲದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ರೈತರ ಹೊಲಕ್ಕೆ ಗೊಬ್ಬರ ಬೇಕು ಅಂತ ದ್ವೀಪದ ನಡುಭಾಗವನ್ನೆಲ್ಲ ಫಾಸ್ಫೇಟಿಗಾಗಿ ಕೆರೆದು ತೆಗೆದರು. ಉಳಿದದ್ದು ಹಲ್ಲು ಕಿರಿದ ಸುಣ್ಣದ ಕಲ್ಲು. ಬೆಳೆಯಲು ನೆಲ ಇಲ್ಲ. ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ ಎಲ್ಲ ಹಡಗಿನಲ್ಲಿ. 1970ರ ದಶಕದಲ್ಲಿ ವೈದ್ಯರು ಬಂದು ರಕ್ತ ನೋಡಿದರೆ ವಯಸ್ಕರಲ್ಲಿ ಮೂವರಿಗೆ ಒಬ್ಬರಂತೆ ಸಕ್ಕರೆ ಕಾಯಿಲೆ! ಜಗತ್ತು ಬೆರಗಾಯಿತು. ಕಾರಣ ಹುಡುಕಿತು. ಜೇಮ್ಸ್ ನೀಲ್ ಎಂಬ ವಿಜ್ಞಾನಿ 1962ರಲ್ಲೇ ಹೇಳಿಟ್ಟಿದ್ದ 'ಜಿಪುಣ ಜೀನ್' ಸಿಕ್ಕಿತು. ಬರಗಾಲದಲ್ಲಿ ಕೊಬ್ಬು ಕೂಡಿಡುವ ಜೀನ್ ಅದು, ಹೊಟ್ಟೆ ತುಂಬ ಉಣ್ಣುವ ಕಾಲದಲ್ಲಿ ಕೈಕೊಡುತ್ತದೆ ಅಂತ. ಆಹಾರ ಬದಲಾದದ್ದನ್ನೂ ಸಂಶೋಧಕರು ಬರೆದರು, ಸುಳ್ಳು ಹೇಳಬಾರದು. ಆದರೆ ಜನರ ಬಾಯಲ್ಲಿ ನಿಂತದ್ದು ಜೀನ್. ಎಷ್ಟು ಅನುಕೂಲ ನೋಡಿ. ತಪ್ಪು ಗಣಿಯದೂ ಅಲ್ಲ, ಹಡಗಿನದೂ ಅಲ್ಲ. ತಪ್ಪು ನಿಮ್ಮ ಮುತ್ತಜ್ಜನದು.

ಈಗ ಬಾಲಕ್ಕೆ ಬರೋಣ.

ಟರ್ಕಿ ಕೋಳಿಯ ಹಿಂಭಾಗದಲ್ಲಿ, ಪುಕ್ಕ ಶುರುವಾಗುವಲ್ಲಿ, ಎಣ್ಣೆ ಗ್ರಂಥಿ ಇರುವ ಒಂದು ಕೊಬ್ಬಿನ ಗೆಡ್ಡೆ ಇದೆ. ಅಮೆರಿಕದವರು ಹಬ್ಬಕ್ಕೆ ಟರ್ಕಿ ಕೊಂಡಾಗ ಸಾಮಾನ್ಯವಾಗಿ ಅದು ಜೊತೆಗೆ ಬರುವುದಿಲ್ಲ. ಮೊದಲೇ ಕತ್ತರಿಸಿ ತೆಗೆದಿರುತ್ತಾರೆ. ತೆಗೆದದ್ದನ್ನು ಎಸೆಯಲಿಕ್ಕಾಗುತ್ತದಾ? ಎರಡನೇ ಮಹಾಯುದ್ಧದ ನಂತರ ಅದು ಸಮೋವಾದ ದಾರಿ ಹಿಡಿಯಿತು. ಅಲ್ಲಿ ಅದಕ್ಕೆ 'ಮುಲಿ ಪಿಪಿ' ಅನ್ನುತ್ತಾರೆ. ಅಗ್ಗ, ರುಚಿ, ಎಲ್ಲರ ಮನೆಯಲ್ಲೂ ಇಷ್ಟ. ಕೊಬ್ಬು ಯಾವಾಗ ರುಚಿ ಇರಲಿಲ್ಲ ಹೇಳಿ. ದಾವಣಗೆರೆ ಬೆಣ್ಣೆ ದೋಸೆಯ ಮೇಲೆ ಇನ್ನೊಂದು ಉಂಡೆ ಬೆಣ್ಣೆ ಹಾಕಿಸಿಕೊಳ್ಳುವ ನನಗಂತೂ ಬೇರೆಯವರ ತಟ್ಟೆ ನೋಡಿ ನಗುವ ಯೋಗ್ಯತೆ ಇಲ್ಲ. ಹೀಗೆಯೇ ನ್ಯೂಜಿಲೆಂಡಿನ ಕುರಿಗಳ ಹೊಟ್ಟೆಯ ಕೊಬ್ಬಿನ ಪಟ್ಟಿ ಫಿಜಿ, ಟೋಂಗಾಗಳಿಗೆ ಹೋಗುತ್ತಿತ್ತು. ಮಾಂಸ ಒಂದು ಕಡೆಗೆ, ಕೊಬ್ಬು ಇನ್ನೊಂದು ಕಡೆಗೆ. ಫಿಜಿ 2000ದಲ್ಲಿ ಅದರ ಮಾರಾಟ ನಿಲ್ಲಿಸಿದಾಗ ನ್ಯೂಜಿಲೆಂಡಿಗೆ ತುಂಬ ಬೇಜಾರಾಯಿತು.

ಸಮೋವಾ 2007ರಲ್ಲಿ ಬಾಲದ ಆಮದು ನಿಷೇಧಿಸಿತು. ಜೀನ್ ಹುಡುಕುತ್ತಾ ಕೂರಲಿಲ್ಲ, ಪಾಪ. ಕೊಬ್ಬು ಬರುವುದು ನಿಂತರೆ ತಿನ್ನುವುದೂ ಕಡಿಮೆ ಆಗಬಹುದು ಅಂದುಕೊಂಡಿತು, ಅಷ್ಟೇ. ನನ್ನ ಪ್ರಕಾರ ಇಡೀ ಪೆಸಿಫಿಕ್‌ನಲ್ಲಿ ನಡೆದ ಅತ್ಯಂತ ಸರಳ ಪ್ರಯೋಗ ಇದು. ಆದರೆ ಇದಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗಲಿಲ್ಲ. ಕಮಿಟಿಯ ಹೆಸರು ವಿಶ್ವ ವ್ಯಾಪಾರ ಸಂಸ್ಥೆ. ಸದಸ್ಯತ್ವ ಬೇಕಾದರೆ ನಿಷೇಧ ತೆಗೆಯಿರಿ, ಬೇಕಿದ್ದರೆ ಸುಂಕ ಹಾಕಿಕೊಳ್ಳಿ ಅಂದರು. 2012ರಲ್ಲಿ ಸಮೋವಾ ಸದಸ್ಯ ಆಯಿತು. ಬಾಲಕ್ಕೆ ಮತ್ತೆ ಬಾಗಿಲು ತೆರೆಯಿತು.

ಅದಾಗಿ ನಾಲ್ಕು ವರ್ಷಕ್ಕೆ, 2016ರಲ್ಲಿ, ಸುಮಾರು 3 ಸಾವಿರ ಸಮೋವನ್ನರ ರಕ್ತ ನೋಡಿ ತೂಕ ಹೆಚ್ಚಿಸುವ ಒಂದು ಜೀನ್ ರೂಪ ಪತ್ತೆ ಮಾಡಿದರು. ಒಳ್ಳೆಯ ಕೆಲಸವೇ. ಲೇಖಕರ ಪಟ್ಟಿಯಲ್ಲಿ ಸಮೋವಾದವರೂ ಇದ್ದರು, ಅದು ಯಾವಾಗಲೂ ಆಗುವಂಥದ್ದಲ್ಲ. ತಮಾಷೆ ಏನೆಂದರೆ, ಆ ಜೀನ್ ತೂಕ ಹೆಚ್ಚಿಸುತ್ತದೆ, ಆದರೆ ಸಕ್ಕರೆ ಕಾಯಿಲೆಯ ಅಪಾಯವನ್ನು ಕಡಿಮೆ ಮಾಡುತ್ತದೆ. ಮುತ್ತಜ್ಜನಿಗೆ ಜಾಮೀನು ಸಿಕ್ಕಿತು. ಬಾಲದ ಮೇಲೆ ಮಾತ್ರ ಯಾರೂ ಕೇಸು ಹಾಕಲೇ ಇಲ್ಲ.

ರಕ್ತಕ್ಕೆ ಬೆಲೆ ಕಟ್ಟಿದವರೂ ಇದ್ದಾರೆ. 2000ದಲ್ಲಿ ಆಟೋಜೆನ್ ಎಂಬ ಆಸ್ಟ್ರೇಲಿಯಾದ ಕಂಪನಿ, ಟೋಂಗಾದ ಜನರ ರಕ್ತದಲ್ಲಿ ಜೀನ್ ಹುಡುಕಲು ಅಲ್ಲಿನ ಆರೋಗ್ಯ ಇಲಾಖೆಯ ಜೊತೆ ಒಪ್ಪಂದ ಆಗಿದೆ ಅಂತ ಸಾರಿತು. ಸುಮಾರು ಒಂದು ಲಕ್ಷ ಜನರ ದೇಶ. ಔಷಧಿ ಏನಾದರೂ ಸಿಕ್ಕಿದರೆ ಟೋಂಗಾದವರಿಗೆ ಪುಕ್ಕಟೆಯಂತೆ, ಸರ್ಕಾರಕ್ಕೆ ರಾಯಲ್ಟಿಯೂ ಅಂತೆ. ಅಲ್ಲಿನ ಚರ್ಚಿನವರೂ ಹಕ್ಕುಗಳ ಸಂಘಟನೆಯವರೂ ತಿರುಗಿಬಿದ್ದರು. ನಮ್ಮನ್ನು ಕೇಳಿದ್ದು ಯಾರು ಅಂದರು. ಕಂಪನಿ ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ಸೊಳ್ಳೆ ಕೂಡ ರಕ್ತ ಹೀರುತ್ತದೆ, ಆದರೆ ಅದು ರಾಯಲ್ಟಿಯ ಆಸೆ ತೋರಿಸುವುದಿಲ್ಲ.

ಎಲ್ಲ ಸಂಶೋಧನೆಯೂ ಹೀಗೇ ಅಂತ ಅಲ್ಲ ಮತ್ತೆ. ಫಿಜಿಯಲ್ಲಿ ಕಜ್ಜಿಗೆ ಊರಿಗೆ ಊರೇ ಐವರ್ಮೆಕ್ಟಿನ್ ಮಾತ್ರೆ ನುಂಗಿಸಿ ನೋಡಿದರು. ಒಂದು ವರ್ಷದಲ್ಲಿ ನೂರಕ್ಕೆ 32 ಜನರಲ್ಲಿದ್ದ ಕಜ್ಜಿ ಇಬ್ಬರಿಗೆ ಇಳಿಯಿತು. ಕೆರೆತ ಇತ್ತು, ಹೋಯಿತು. ಇಂಥದ್ದಕ್ಕೆ ಯಾರು ಬೇಡ ಅಂತಾರೆ?

ನಮ್ಮ ಬಡಾವಣೆಯ ಚೌಲ್ಟ್ರಿಯಲ್ಲೂ ಒಂದು ಸಲ ಆರೋಗ್ಯ ಶಿಬಿರ ನಡೆದಿತ್ತು. ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಕ್ಯೂ ನಿಂತೆ. ರಕ್ತ ಕೊಟ್ಟೆ, ಸೊಂಟದ ಸುತ್ತಳತೆ ಕೊಟ್ಟೆ, ಅಪ್ಪನಿಗೆ ಶುಗರ್ ಇತ್ತಾ ಅಂತ ಕೇಳಿದ್ದಕ್ಕೆ ಅರ್ಧ ಗಂಟೆ ಅಪ್ಪನ ಕಥೆಯನ್ನೂ ಕೊಟ್ಟೆ. ರಿಪೋರ್ಟ್ ವಾಟ್ಸಾಪಿಗೆ ಬರುತ್ತೆ ಸಾರ್ ಅಂದರು. ಆರು ವರ್ಷ ಆಯಿತು. ಎಲ್ಲೋ ಒಂದು ಪೇಪರಿನಲ್ಲಿ ನಾನೊಂದು ಚುಕ್ಕಿಯಾಗಿ ಕೂತಿರಬಹುದು. ಅದನ್ನು ನೋಡಬೇಕೆಂದರೂ ಜರ್ನಲ್ಲಿನವರು ಮೂವತ್ತೋ ನಲವತ್ತೋ ಡಾಲರ್ ಕೇಳುತ್ತಾರೆ. ದ್ವೀಪದ ನರ್ಸಮ್ಮನಿಗೂ ಅದೇ ದರ. ತನ್ನ ಊರಿನವರ ರಕ್ತದಲ್ಲಿ ಏನಿತ್ತು ಅಂತ ತಿಳಿಯಲು ಅವಳೂ ಕಾರ್ಡ್ ಉಜ್ಜಬೇಕು. ಪೇಪರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ದ್ವೀಪದ ಜನರಿಗೆ ವಂದನೆ ಇರುತ್ತದೆ, ಮದುವೆ ಕಾಗದದ ಕೆಳಗೆ 'ಸುಖಾಗಮನ ಬಯಸುವ ಬಂಧು ಮಿತ್ರರು' ಅಂತ ಹಾಕಿದ ಹಾಗೆ. ಅದರ ಮೇಲಿನ ಸಾಲು ಯಾವಾಗಲೂ ಒಂದೇ: ಈ ಬಗ್ಗೆ ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕು.

ಮಾರ್ಷಲ್ ದ್ವೀಪಗಳ ವಿಷಯಕ್ಕೆ ಬಂದರೆ ಮಾತ್ರ ನನಗೆ ಜೋಕು ಹೊಳೆಯುವುದಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಹಿರೋಷಿಮಾದ ಬಾಂಬಿಗಿಂತ ಸಾವಿರ ಪಟ್ಟು ದೊಡ್ಡದು. ಬೂದಿ ರೊಂಗೆಲಾಪ್ ದ್ವೀಪದ ಮೇಲೆ ಬಿತ್ತು. ಮಕ್ಕಳು ಅದರಲ್ಲಿ ಆಡಿದರು. ಜನರನ್ನು ಅಲ್ಲಿಂದ ಸಾಗಿಸಲು ಎರಡು ದಿನ ಬೇಕಾಯಿತು. ಕೆಲವೇ ದಿನಗಳಲ್ಲಿ ಗುಟ್ಟಾಗಿ ಅಧ್ಯಯನ ಶುರುವಾಯಿತು. ಅದರ ಹೆಸರು ಪ್ರಾಜೆಕ್ಟ್ 4.1. 1957ರಲ್ಲಿ ಜನರನ್ನು ಅದೇ ವಿಷದ ನೆಲಕ್ಕೆ ವಾಪಸ್ ಕಳಿಸಿದರು. ಇವರು ಅಲ್ಲಿ ವಾಸ ಮಾಡುವುದರಿಂದ ಮನುಷ್ಯರ ಮೇಲೆ ವಿಕಿರಣದ ಪರಿಣಾಮದ ಬಗ್ಗೆ ಬಹಳ ಅಮೂಲ್ಯ ಮಾಹಿತಿ ಸಿಗುತ್ತದೆ ಅಂತ ಬ್ರೂಕ್‌ಹೇವನ್ ಪ್ರಯೋಗಾಲಯದ ವರದಿ ಹೇಳಿತು. ವರ್ಷವರ್ಷವೂ ಡಾಕ್ಟರರು ಬಂದರು, ರಕ್ತ ತೆಗೆದುಕೊಂಡು ಹೋದರು. ಅಣುಶಕ್ತಿ ಆಯೋಗದ ಮೆರಿಲ್ ಐಸೆನ್‌ಬಡ್ 1956ರ ಒಂದು ಸಭೆಯಲ್ಲಿ ಹೇಳಿದ ಮಾತು ದಾಖಲೆಯಲ್ಲಿದೆ. ಈ ಜನ ನಾಗರಿಕರಂತೆ ಬದುಕುವುದಿಲ್ಲ ನಿಜ, ಆದರೂ ಇಲಿಗಳಿಗಿಂತ ನಮಗೆ ಹೆಚ್ಚು ಹತ್ತಿರದವರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಾವು ಸುಮ್ನೆ ಗಾದೆ ಹೇಳುತ್ತೇವೆ. ಅವರು ಅಳೆದು ಬರೆದಿಟ್ಟರು. ಕೊನೆಗೆ 1985ರಲ್ಲಿ ಊರಿನವರೇ ಗ್ರೀನ್‌ಪೀಸ್ ಸಂಸ್ಥೆಯ ಹಡಗು ಹತ್ತಿ ಊರು ಬಿಟ್ಟರು.

ಹೀಗಿರುವಾಗ 'ಸಹಜ ಪ್ರಯೋಗ' ಅನ್ನುವ ಮಾತು ಕೇಳಿದರೆ ಮೈ ಉರಿಯದೆ ಇರುತ್ತದಾ? ಸಮೋವಾದಲ್ಲಿ ಆದದ್ದರಲ್ಲಿ ಸಹಜ ಏನಿತ್ತು? 2018ರ ಜುಲೈನಲ್ಲಿ ಇಬ್ಬರು ನರ್ಸ್‌ಗಳು ಲಸಿಕೆಯ ಪುಡಿಗೆ ನೀರಿನ ಬದಲು ಅವಧಿ ಮೀರಿದ ಬೇರೆ ಔಷಧಿ ಬೆರೆಸಿದರು. ಎರಡು ಕೂಸುಗಳು ಸತ್ತವು. ಲಸಿಕೆಯಲ್ಲಿ ದೋಷ ಇರಲಿಲ್ಲ. ಆದರೆ ಸರ್ಕಾರ ತಿಂಗಳುಗಟ್ಟಲೆ ಅದನ್ನು ನಿಲ್ಲಿಸಿತು, ಜನ ಹೆದರಿದರು, ಹೆದರಿದವರನ್ನು ಇನ್ನಷ್ಟು ಹೆದರಿಸಲು ಮಂದಿ ಸಿಕ್ಕಿದರು. ಮುಂದಿನ ವರ್ಷ ದಡಾರ ಬಂತು. ಜನ ಸಾಯುತ್ತಿರುವಾಗಲೇ, ನವೆಂಬರ್‌ನಲ್ಲಿ, ಲಸಿಕೆಯದೇ ತಪ್ಪಿರಬಹುದು ನೋಡಿ ಅಂತ ಪ್ರಧಾನಿಗೆ ಕಾಗದ ಬರೆದವರೂ ಇದೇ ಕೆನಡಿ ಸಾಹೇಬರು. ಎರಡು ಲಕ್ಷ ಜನರ ದೇಶದಲ್ಲಿ 83 ಸಾವು ಅಂದರೆ ಕರ್ನಾಟಕದ ಲೆಕ್ಕಕ್ಕೆ 25 ಸಾವಿರ. ಹೆಚ್ಚಿನವರು ಐದು ವರ್ಷ ತುಂಬದವರು. ದಡಾರದ ಲಸಿಕೆ 1963ರಿಂದ ಇದೆ. ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇರಲಿಲ್ಲ.

ಡಿಸೆಂಬರ್ 5 ಮತ್ತು 6ರಂದು ಸರ್ಕಾರಿ ಕಚೇರಿಗಳನ್ನೆಲ್ಲ ಮುಚ್ಚಿದರು. ಲಸಿಕೆ ಆಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಹೇಳಿದರು. ನರ್ಸ್‌ಗಳು ಬಟ್ಟೆ ಕಂಡ ಮನೆಗೆಲ್ಲ ಹೋದರು. ನ್ಯೂಜಿಲೆಂಡಿನಲ್ಲಿ ಜನ ಚಿಕ್ಕ ಚಿಕ್ಕ ಶವಪೆಟ್ಟಿಗೆ ಮಾಡಿ, ಮೇಲೆ ಹೂವು, ಚಿಟ್ಟೆಗಳ ಅಲಂಕಾರ ಮಾಡಿ ಸಮೋವಾಕ್ಕೆ ಕಳಿಸಿಕೊಟ್ಟರು. ಅದಕ್ಕೆ ಬೇಕಾದದ್ದು ಮಕ್ಕಳ ಅಳತೆ ಒಂದೇ.