ಜಾಯಿಕಾಯಿ ನಾಡಿನ ಹಾರುವ ತಟ್ಟೆ

ಅಮೆರಿಕದ ಸಂಸತ್ತಿನಲ್ಲಿ ಹಾರುವ ತಟ್ಟೆಗಳ ವಿಚಾರಣೆ ನಡೆದಂದಿನಿಂದ ನನಗೆ ನೆಮ್ಮದಿಯಿಲ್ಲ. 2023ರ ಜುಲೈನಲ್ಲಿ ವಾಯುಪಡೆಯ ಮಾಜಿ ಅಧಿಕಾರಿಯೊಬ್ಬ ಪ್ರಮಾಣ ಮಾಡಿ, ಮನುಷ್ಯರದ್ದಲ್ಲದ ಜೀವಿಗಳ ಅವಶೇಷ ಸರ್ಕಾರದ ಕೈಸೇರಿದೆ ಎಂದದ್ದೇ ತಡ, ನಮ್ಮ ವಾಹಿನಿಗಳಿಗೆ ಹಬ್ಬವಾಯಿತು. ರಾತ್ರಿ ಹತ್ತಾದರೆ ಕಪ್ಪು ಆಕಾಶದಲ್ಲೊಂದು ಬಿಳಿ ಚುಕ್ಕೆ ತೋರಿಸುತ್ತಾರೆ. ಅದರ ಸುತ್ತ ಕೆಂಪು ವೃತ್ತ. ವೃತ್ತವೂ ಕಾಣದವರಿಗೆ ಬಾಣದ ಗುರುತು. ಆಕಾಶ ನೋಡುವುದಕ್ಕೆ ನೂಕುನುಗ್ಗಲೇ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಟಿವಿ ನೋಡಿರಲಿಲ್ಲ.

ನನ್ನ ಸಿಟ್ಟು ತಟ್ಟೆಯ ಮೇಲಲ್ಲ. ಇಷ್ಟು ಗದ್ದಲದಲ್ಲಿ ಒಬ್ಬರಾದರೂ ಸರ್ ಎರಿಕ್ ಗೇರಿಯವರ ಹೆಸರೆತ್ತಬಾರದೇ? ಈ ವಿಷಯವನ್ನು 1977ರಲ್ಲೇ ವಿಶ್ವಸಂಸ್ಥೆಯ ವೇದಿಕೆಗೆ ಹೊತ್ತೊಯ್ದ ಪ್ರಧಾನಿ ಅವರು. ದೇಶ ಗ್ರೆನಡಾ, ಕೆರಿಬಿಯನ್ ಸಮುದ್ರದ ದ್ವೀಪ. 344 ಚದರ ಕಿಲೋಮೀಟರ್. ಒಂದು ಸಾಧಾರಣ ತಾಲ್ಲೂಕಿನ ಅರ್ಧವೂ ಆಗದು. ಹೆಸರು ಗೇರಿಯಾದರೂ ಅಲ್ಲಿಯ ಬೆಳೆ ಗೇರುಬೀಜವಲ್ಲ, ಜಾಯಿಕಾಯಿ. ಬಾವುಟದ ಮೇಲೂ ಅದೇ. ನಮ್ಮಲ್ಲಿ ಮಗು ರಚ್ಚೆ ಹಿಡಿದರೆ ಅಜ್ಜಿಯರು ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ನಾಲಿಗೆಗೆ ಸವರುತ್ತಿದ್ದರು. ಗೇರಿಯವರು ಇಡೀ ದೇಶಕ್ಕೆ ತೇಯ್ದರು.

ಆರಂಭ ಚೆನ್ನಾಗಿಯೇ ಇತ್ತು ಎನ್ನಬೇಕು. ಕೈಯಿಂದ ದುಡಿಯುವವರಿಗೂ ತಲೆಯಿಂದ ದುಡಿಯುವವರಿಗೂ ಸೇರಿ ಒಂದೇ ಕಾರ್ಮಿಕ ಸಂಘ ಕಟ್ಟಿದರು. 1951ರ ಮುಷ್ಕರದಲ್ಲಿ ತೋಟದ ಒಡೆಯರನ್ನು ಮಣಿಸಿ ಕೂಲಿ ಏರಿಸಿದರು. ಬಡವರ ಮನೆಯಲ್ಲಿ ಅವರ ಹೆಸರಿಗೆ ದೀಪ ಹಚ್ಚುವಷ್ಟು ಭಕ್ತಿ. 1957ರ ಚುನಾವಣೆಯಲ್ಲಿ ಎದುರಾಳಿಯ ಸಭೆ ನಡೆಯುತ್ತಿದ್ದಾಗ ಈ ಮಹಾನುಭಾವರು ಒಂದು ಸ್ಟೀಲ್ ಬ್ಯಾಂಡ್ ತಂಡವನ್ನು ಬಾರಿಸಿಕೊಂಡು ಅದರ ನಡುವೆಯೇ ಮೆರವಣಿಗೆ ಹೋದರು. ತೈಲದ ಪೀಪಾಯಿಗಳನ್ನು ಬಡಿದು ಮಾಡಿದ ವಾದ್ಯ ಅದು. ಭಾಷಣಕಾರನ ಗಂಟಲು ಎಷ್ಟರದ್ದು? ಆ ತಪ್ಪಿಗೆ ಗೇರಿಯವರ ಚುನಾವಣೆಯ ಹಕ್ಕನ್ನೇ ಕಸಿದುಕೊಳ್ಳಲಾಯಿತು. 1961ರಲ್ಲಿ ಮರಳಿ ಬಂದು ಮುಖ್ಯಮಂತ್ರಿಯಾದರು. ಮರುವರ್ಷವೇ ಬೊಕ್ಕಸದ ದುಂದುಗಾರಿಕೆಯ ತನಿಖೆ ನಡೆದು, ಬ್ರಿಟಿಷರು ಸಂವಿಧಾನವನ್ನೇ ಅಮಾನತಿನಲ್ಲಿಟ್ಟರು. 1967ರಲ್ಲಿ ಮತ್ತೆ ಗೆದ್ದರು. ಜನ ಮರೆತದ್ದೋ, ಬ್ಯಾಂಡಿನ ಸದ್ದು ನೆನಪಾದದ್ದೋ.

1970ರಲ್ಲಿ ಲಂಡನ್ನಿನ ವಿಶ್ವಸುಂದರಿ ಸ್ಪರ್ಧೆಗೆ ತೀರ್ಪುಗಾರರಾಗಿ ಹೋದರು. ದೇಶ ಆಳುವವರಿಗೆ ಅಷ್ಟೂ ಬಿಡುವು ಬೇಡವೇ? ಗೆದ್ದದ್ದು ಗ್ರೆನಡಾದ ಹುಡುಗಿ. ಒಂಬತ್ತು ತೀರ್ಪುಗಾರರಲ್ಲಿ ನಾಲ್ವರು ಸ್ವೀಡನ್ನಿನವಳಿಗೆ ಮೊದಲ ಸ್ಥಾನ ಕೊಟ್ಟಿದ್ದರಂತೆ, ಅವಳು ನಾಲ್ಕನೆಯವಳಾದಳು. ಲೆಕ್ಕ ನಿಯಮದಂತೆಯೇ ಇತ್ತು ಎಂದು ಆಮೇಲೆ ಅಂಕಪಟ್ಟಿ ಬಿಡುಗಡೆ ಮಾಡಿದರು. ಇರಲಿ, ಗೆದ್ದವಳದ್ದೇನೂ ತಪ್ಪಿಲ್ಲ. ಆದರೆ ಮಗಳು ಓಡುವ ಪಂದ್ಯಕ್ಕೆ ಅಪ್ಪನೇ ಸೀಟಿ ಊದಲು ನಿಲ್ಲುವುದು ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲೂ ಶೋಭಿಸದು.

ಇಲ್ಲಿ ಮುಂಗುಸಿಯ ಕಥೆ ಹೇಳಿಬಿಡುತ್ತೇನೆ. 1872ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಕಲ್ಕತ್ತದಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಕ್ಕೆ ಹಡಗಿನಲ್ಲಿ ಒಯ್ದರು. ಅವುಗಳ ಸಂತತಿ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಇಲಿ ತಿಂದವೋ ಇಲ್ಲವೋ, ಕೋಳಿ ತಿಂದವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ತಿಂದವು. ನಮ್ಮಲ್ಲಿ ಎದುರಾದರೆ ಶುಭಶಕುನವೆನಿಸುವ, ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಪ್ರಾಣಿ ಅಲ್ಲಿ ಪೀಡೆಯಾಯಿತು. ಗೇರಿಯವರು ಸಾಕಿದ ಖಾಸಗಿ ಪಡೆಗೆ ಜನ ಇಟ್ಟ ಹೆಸರೇ ಮುಂಗುಸಿ ಪಡೆ. ಅಪರಾಧಿಗಳನ್ನೇ ಭರ್ತಿ ಮಾಡಿಕೊಂಡಿದ್ದೀರಂತೆ ಎಂಬ ಆರೋಪಕ್ಕೆ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಉಕ್ಕನ್ನು ಕೊಯ್ಯಲು ಉಕ್ಕೇ ಬೇಕಲ್ಲವೇ ಎಂದರು.

1973ರ ನವೆಂಬರ್ 18ರ ಭಾನುವಾರ ಗೇರಿಯವರ ಪೊಲೀಸರೂ ಈ ಪಡೆಯವರೂ ವಿರೋಧ ಪಕ್ಷದ ಆರು ಮಂದಿಯನ್ನು ಹಿಡಿದು ಪ್ರಜ್ಞೆ ತಪ್ಪುವಂತೆ ಬಡಿದರು, ಒಡೆದ ಸೀಸೆಯ ಚೂರುಗಳಿಂದ ತಲೆ ಬೋಳಿಸಿದರು. ಅಲ್ಲಿದ್ದ ಪೊಲೀಸ್ ಅಧಿಕಾರಿಯ ಹೆಸರು ಇನ್ನೊಸೆಂಟ್, ಎಂದರೆ ನಿರ್ದೋಷಿ. ನಾನು ಕಟ್ಟಿದ್ದಲ್ಲ. ಎರಡು ತಿಂಗಳ ನಂತರ, ಜನವರಿ 21ರಂದು, ರಾಜಧಾನಿ ಸೇಂಟ್ ಜಾರ್ಜಸ್‌ನ ಕಾರ್ಮಿಕ ಸಂಘದ ಕಟ್ಟಡದೊಳಗೆ ಹೆಂಗಸರು ಮಕ್ಕಳು ಅವಿತಿದ್ದರು. ಒಳಗೆ ನುಗ್ಗಬೇಡಿ ಎಂದು ಬಾಗಿಲಲ್ಲಿ ಅಡ್ಡ ನಿಂತ ರೂಪರ್ಟ್ ಬಿಷಪ್ ಎಂಬ ಮುದುಕನಿಗೆ ಗುಂಡಿಟ್ಟರು. ಹದಿನೇಳು ದಿನಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ತನಿಖಾ ಆಯೋಗ ಕೂತಿತು, ವರದಿ ಬರೆಯಿತು. 1977ರಲ್ಲಿ ಬ್ರಿಟನ್ನಿನ ರಾಣಿ ಗೇರಿಯವರಿಗೆ ಸರ್ ಪದವಿ ಕೊಟ್ಟರು. ಬಾಗಿಲಲ್ಲಿ ನಿಂತ ಮುದುಕನ ರಕ್ತ ಒರೆಸಿದ ಕೈಗೆ ಇವರು ಪದಕ ತೊಡಿಸುತ್ತಾರೆ, ಜಗತ್ತು ಹಾರುವ ತಟ್ಟೆಯ ತಮಾಷೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಾನೂ ಮೇಲೆ ನಗಿಸಲೆಂದೇ ಬರೆದೆನಲ್ಲ, ಥೂ.

ಗೇರಿಯವರ ಹಾರುವ ತಟ್ಟೆಯ ವಿಷಯದಲ್ಲಿ ವಿಶ್ವಸಂಸ್ಥೆ ಮಾತ್ರ ಕರ್ತವ್ಯ ಮರೆಯಲಿಲ್ಲ. ತಜ್ಞರ ಮಾತು ಕೇಳಿತು. ಆಸಕ್ತಿಯುಳ್ಳ ದೇಶಗಳು ತಂತಮ್ಮ ಮಟ್ಟದಲ್ಲಿ ಸಂಶೋಧನೆ ಮಾಡಿ ಮಹಾಕಾರ್ಯದರ್ಶಿಗೆ ತಿಳಿಸಬಹುದು ಎಂದು 1978ರ ಡಿಸೆಂಬರ್‌ನಲ್ಲಿ ನಿರ್ಣಯಿಸಿತು. ಅರ್ಜಿಯನ್ನು ಪರಿಶೀಲನೆಯಲ್ಲಿಡಲಾಗಿದೆ ಎನ್ನುವುದರಲ್ಲಿ ಯಾವ ತಾಲ್ಲೂಕು ಕಚೇರಿಯೂ ಇವರನ್ನು ಮೀರಿಸದು. ಗ್ರೆನಡಾ ಹಾರುವ ತಟ್ಟೆಯ ಅಂಚೆಚೀಟಿಗಳನ್ನೇ ಅಚ್ಚು ಹಾಕಿತು.

ಮೂರು ತಿಂಗಳೂ ಆಗಿರಲಿಲ್ಲ. 1979ರ ಮಾರ್ಚ್ 13ರ ಮುಂಜಾವು, ಗೇರಿಯವರು ಅಮೆರಿಕದಲ್ಲಿದ್ದಾಗ, 46 ಮಂದಿ ಟ್ರೂ ಬ್ಲೂ ಎಂಬಲ್ಲಿದ್ದ ಸೇನಾ ಶಿಬಿರಕ್ಕೆ ನುಗ್ಗಿದರು. ಅನ್ಯಗ್ರಹದವರಲ್ಲ, ಪಕ್ಕದ ಬೀದಿಯವರು. ಸರ್ಕಾರ ಹಿಡಿದವನು ರೂಪರ್ಟ್‌ನ ಮಗ ಮಾರಿಸ್ ಬಿಷಪ್. ಅವನನ್ನು 1983ರಲ್ಲಿ ಅವನ ಜೊತೆಗಾರರೇ ಗೋಡೆಗೆ ನಿಲ್ಲಿಸಿ ಕೊಂದರು, ಆರು ದಿನಕ್ಕೆ ಅಮೆರಿಕದ ಸೈನ್ಯ ಬಂದಿಳಿಯಿತು. ಅದು ಬೇರೆಯೇ ದುಃಖ.

ಸೈನ್ಯದ ಹಿಂದೆಯೇ ಗೇರಿಯವರೂ ಊರಿಗೆ ಮರಳಿದರು. 1984ರ ಡಿಸೆಂಬರ್‌ನಲ್ಲಿ ಚುನಾವಣೆ. ಹದಿನೈದರಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು ಒಂದೇ ಸ್ಥಾನ. ಆದರೆ ಬಿದ್ದ ಮತ? ನೂರಕ್ಕೆ ಮೂವತ್ತಾರು. ಕೆಂಪು ವೃತ್ತ ಎಳೆಯುವವರಿದ್ದರೆ ಆ ಅಂಕಿಯ ಸುತ್ತ ಎಳೆಯಿರಿ, ಬಾಣದ ಗುರುತನ್ನು ನಾನೇ ಹಾಕುತ್ತೇನೆ.