ಬೇಲಿಯ ಗಂಧದ ಸಸಿ, ರಾಜಾಜಿಯ ಕೊನೆಯ ತತ್ವ, ನಮ್ಮ ಕೂಟದ ಕರಡು

ಮೂರು ಭಾನುವಾರಗಳಿಂದ ನಾವು ಹನ್ನೊಂದು ಜನ ಸಾಗರದ ಹತ್ತಿರ ಗೆಳೆಯರೊಬ್ಬರ ಅಡಿಕೆ ಅಂಗಳದಲ್ಲಿ ಚಾಪೆ ಹಾಸಿ ಕೂರುತ್ತಿದ್ದೇವೆ. ತೋಟದವರು ನಾಲ್ಕೈದು ಜನ, ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಗುಡಿಗಾರರ ಮನೆಯ ಗೆಳೆಯ, ಕಿರಾಣಿ ಅಂಗಡಿಯ ಅಕ್ಕ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಇಬ್ಬರು ಹುಡುಗರು. ಚುನಾವಣೆಗೆ ನಿಲ್ಲುವ ಆಸೆ ಯಾರಿಗೂ ಇಲ್ಲ. ಸರ್ಕಾರ ಎಲ್ಲಿವರೆಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಕೇಳುವ ಒಂದು ನಾಗರಿಕರ ಕೂಟ ಕಟ್ಟಬೇಕು, ಅಷ್ಟೇ. ಅದರ ತತ್ವಗಳ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಬರೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ಗಂಧದ ಸಸಿ.

ನಮ್ಮಜ್ಜ ಬೇಲಿ ಸವರುವಾಗ ಒಂದೊಂದು ಕಡೆ ಕತ್ತಿ ನಿಲ್ಲಿಸಿ, ಬಗ್ಗಿ, ಬೆರಳು ದಪ್ಪದ ಸಸಿಯನ್ನು ಬೇರುಸಮೇತ ಕಿತ್ತು ಹಳ್ಳಕ್ಕೆ ಎಸೆಯುತ್ತಿದ್ದ. ಹಕ್ಕಿಗಳು ಹಣ್ಣು ತಿಂದು ಬೇಲಿಯ ಮೇಲೆ ಕೂತು ಹಾಕಿದ ಹಿಕ್ಕೆಯಿಂದ ಹುಟ್ಟಿದ ಗಂಧ ಅದು. "ಗಂಧ ಅಲ್ವಾ ಅಜ್ಜ, ಯಾಕೆ ಕೀಳ್ತೀಯ?" ಎಂದರೆ, "ನೆಲ ನಮ್ದು, ಮರ ಸರ್ಕಾರದ್ದು. ದೊಡ್ಡದಾದ್ರೆ ಅದನ್ನ ಕಾಯೋ ಕಷ್ಟ ಮಾತ್ರ ನಮ್ದು" ಅನ್ನುತ್ತಿದ್ದ.

ಅಜ್ಜ ಹೇಳಿದ್ದು ಅಕ್ಷರಶಃ ಕಾನೂನು. 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷ ಎಂದು ಸಾರಿದ. ಟಿಪ್ಪು ಹೋದ ಮೇಲೆ ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಮತ್ತೆ ಒಡೆಯರು, ಆಮೇಲೆ ಪ್ರಜಾಪ್ರಭುತ್ವ. ಎಲ್ಲವೂ ಬದಲಾಯಿತು, ಆ ಒಂದು ನಿಯಮ ಅಲುಗಾಡಲಿಲ್ಲ. ರೈತನ ಸ್ವಂತ ಹಿಡುವಳಿಯಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸೊತ್ತೇ. ಕಡಿದು ಮಾರಿದಾಗ ಜಮೀನಿನವನಿಗೆ ಒಂದು ಪಾಲು ಸಿಗುತ್ತಿತ್ತು, ನಿಜ. ಆದರೆ ಅಲ್ಲಿಯವರೆಗೆ ಮರವನ್ನು ಜೋಪಾನ ಮಾಡುವ ಹೊಣೆಯೂ ಅವನದೇ. ಹಿಡುವಳಿದಾರನೇ ಮರದ ಒಡೆಯ ಎಂದು ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದದ್ದು 2001ರಲ್ಲಿ. 209 ವರ್ಷ!

ಆ 209 ವರ್ಷಗಳಲ್ಲಿ ಮಲೆನಾಡಿನ ಬೇಲಿಗಳಲ್ಲಿ ಅದೆಷ್ಟು ಸಸಿಗಳು ಹಳ್ಳಕ್ಕೆ ಬಿದ್ದವೋ. ಗಂಧದ ನಾಡು ಎಂದು ಕರೆಸಿಕೊಂಡ ನಮ್ಮಲ್ಲಿ ಮರ ಕಮ್ಮಿಯಾಗುತ್ತಾ ಹೋಯಿತು, ದೂರದ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಮ್ಮದೇ ತಳಿಯ ಗಂಧವನ್ನು ತೋಟ ಮಾಡಿ ಬೆಳೆದರು. ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧದಲ್ಲಿ ದೇವರನ್ನು ಕೆತ್ತಿದವರು, ಒಂದು ತುಂಡು ಮರಕ್ಕೆ ಡಿಪೋದ ಕೋಟಾ ಕಾದವರೂ ಅವರೇ. ಈ ಮಾತು ಬಂದಾಗ ನಮ್ಮ ಗುಡಿಗಾರ ಗೆಳೆಯ ಏನೂ ಹೇಳಲಿಲ್ಲ, ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದ. ಈಗ ಅವನು ಕೆತ್ತುವುದು ಶಿವನಿ ಮರದಲ್ಲಿ.

ಯಾವ ಅಧಿಕಾರಿಯೂ ಕೆಟ್ಟವನಾಗಿರಬೇಕಿಲ್ಲ, ಯಾರೂ ಲಂಚ ತಿನ್ನಬೇಕಿಲ್ಲ. ಬೆಳೆದವನಿಗೆ ಬೆಳೆ ತನ್ನದು ಅನ್ನಿಸದಿದ್ದರೆ ಸಾಕು, ಅವನೇ ಕಿತ್ತೆಸೆಯುತ್ತಾನೆ. ಸರ್ಕಾರದ ಅಧಿಕಾರಕ್ಕೆ ಗಡಿ ಬೇಕು ಎಂದು ನಾನು ನಂಬಿದ್ದು ಯಾವ ಪುಸ್ತಕ ಓದಿಯೂ ಅಲ್ಲ, ಈ ಬೇಲಿಯ ಬದಿಯಲ್ಲಿ ನಿಂತು.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಒಂದು ಪಕ್ಷವೇ ಹುಟ್ಟಿತ್ತು ಎಂಬುದು ಕೂಟದ ಹುಡುಗರಿಬ್ಬರಿಗೂ ಗೊತ್ತಿರಲಿಲ್ಲ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಒಂದು ನಿರ್ಣಯ ಮಾಡಿತು: ರೈತರ ಜಮೀನುಗಳನ್ನೆಲ್ಲ ಒಟ್ಟುಗೂಡಿಸಿ ಜಂಟಿ ಸಹಕಾರಿ ಬೇಸಾಯ. ಕಾಗದದ ಮೇಲೆ ಒಡೆತನ ರೈತನದೇ, ಆದರೆ ಬದು ಇಲ್ಲ, ನನ್ನ ಗದ್ದೆ ನಿನ್ನ ಗದ್ದೆ ಅನ್ನುವುದಿಲ್ಲ. ಅದನ್ನು ವಿರೋಧಿಸಿ ಅದೇ ವರ್ಷ ಜೂನ್‌ನಲ್ಲಿ ಮದರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆಯಾಯಿತು, ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಪಕ್ಷ ವಿಧ್ಯುಕ್ತವಾಗಿ ಶುರುವಾಯಿತು. ಹಿಂದೆ ನಿಂತವರು ರಾಜಾಜಿ, ಅಂದರೆ ಸಿ. ರಾಜಗೋಪಾಲಾಚಾರಿ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ದೇಶದ ಗವರ್ನರ್ ಜನರಲ್ ಕೂಡ ಆಗಿ ಇಳಿದಿದ್ದ ಅವರಿಗೆ ಆಗ 80 ವರ್ಷ. ಅಧ್ಯಕ್ಷರಾದ ಎನ್. ಜಿ. ರಂಗಾ ಗುಂಟೂರು ಕಡೆಯ ರೈತರ ನಾಯಕ. ಮೀನೂ ಮಸಾನಿ, ಕೆ. ಎಂ. ಮುನ್ಶಿ ಜೊತೆಗಿದ್ದರು. 'ಪರ್ಮಿಟ್ ಲೈಸೆನ್ಸ್ ರಾಜ್' ಎಂಬ ಮಾತನ್ನು ಜನರ ಬಾಯಿಗೆ ತಂದವರು ರಾಜಾಜಿಯೇ.

ಅವರು ಬರೆದುಕೊಂಡ ತತ್ವಗಳು 21. ವ್ಯಕ್ತಿಗೆ ಆದಷ್ಟು ಹೆಚ್ಚು ಸ್ವಾತಂತ್ರ್ಯ, ಸರ್ಕಾರದ ಕೈ ಆದಷ್ಟು ಕಡಿಮೆ. ಸ್ವತಃ ದುಡಿಯುವ ರೈತನ ಒಡೆತನವನ್ನು ಅಲುಗಿಸಬಾರದು. ಮಕ್ಕಳಿಗೆ ಯಾವ ಶಿಕ್ಷಣ ಎಂಬುದು ಹೆತ್ತವರ ಆಯ್ಕೆ. ಸರ್ಕಾರ ಸಾಲ ಮಾಡಿ, ನೋಟು ಮುದ್ರಿಸಿ ಖರ್ಚು ಮಾಡಬಾರದು. ಬಲವಂತಕ್ಕಿಂತ ಜನರ ಮೇಲೆ ನಂಬಿಕೆ ಇಟ್ಟು ಆಡಳಿತ ನಡೆಸಬೇಕು. 1962ರಲ್ಲಿ ಲೋಕಸಭೆಗೆ 18 ಜನ, 1967ರಲ್ಲಿ 44 ಜನ ಗೆದ್ದರು, ನಮ್ಮ ಉಡುಪಿಯಿಂದ ಗೆದ್ದ ಜೆ. ಎಂ. ಲೋಬೊ ಪ್ರಭು ಅವರೂ ಸೇರಿ. 1971ರಲ್ಲಿ ಎಂಟಕ್ಕೆ ಇಳಿದು, 1974ರಲ್ಲಿ ಪಕ್ಷ ಭಾರತೀಯ ಲೋಕದಳದಲ್ಲಿ ಕರಗಿಹೋಯಿತು.

ನಾನು ಇಷ್ಟು ಓದಿ ಮುಗಿಸಿದಾಗ ಮೇಷ್ಟ್ರು ಎಲೆಯಡಿಕೆ ಉಗುಳಿ ಬಂದು ಕೂತರು.

"ನೋಡಮ್ಮ, ನಮ್ಮಪ್ಪ ಗೇಣಿದಾರ. 74ರ ಭೂಸುಧಾರಣೆ ಕಾಯ್ದೆ ಬಂದು, ಡಿಕ್ಲರೇಷನ್ ಹಾಕಿ, ಭೂನ್ಯಾಯ ಮಂಡಳೀಲಿ ಜಮೀನು ಆಗದೇ ಇದ್ದಿದ್ರೆ ನಾನು ಮೇಷ್ಟ್ರಾಗ್ತಿರ್ಲಿಲ್ಲ. ಒಡೇರ ಅಂಗಳದಲ್ಲಿ ಅಡಿಕೆ ಸುಲೀತಾ ಇರ್ತಿದ್ದೆ. ಸರ್ಕಾರ ಸಣ್ಣದಾಗಿದ್ರೆ ನಮ್ಮಪ್ಪನ ಪರವಾಗಿ ಯಾರು ಬರ್ತಿದ್ರು?"

ಅಂಗಳದಲ್ಲಿ ಸದ್ದಿಲ್ಲ. ಕಾಗೋಡು ಅಲ್ಲಿಂದ ದೂರವೇನಲ್ಲ. ಗೇಣಿ ಭತ್ತ ಅಳೆಯುವಾಗ ಜಮೀನಿನ ಒಡೆಯರು ದೊಡ್ಡ ಕೊಳಗ ಇಡುತ್ತಾರೆ ಎಂದು ಶುರುವಾದ ಜಗಳ 1951ರಲ್ಲಿ ಸತ್ಯಾಗ್ರಹವಾದ ಊರು. ಕೊಳಗ ಹಿಡಿದವನ ಕೈಯಲ್ಲಿ ಸಿಕ್ಕವನಿಗೆ ಸರ್ಕಾರದ ಗಡಿಯ ಬಗ್ಗೆ ನಾನು ಏನು ಹೇಳಲಿ?

ಉತ್ತರ ಬಂದದ್ದು ಅಂಗಡಿ ಅಕ್ಕನಿಂದ. ಅವರ ಅಪ್ಪನ ಮನೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು. "ನಿಮ್ಮಪ್ಪಂಗೆ ಕೊಟ್ಟಿದ್ದೂ ಸರ್ಕಾರವೇ, ನಮ್ಮಪ್ಪನ ಕೈಯಿಂದ ಕಿತ್ಕೊಂಡಿದ್ದೂ ಸರ್ಕಾರವೇ ಮೇಷ್ಟ್ರೇ" ಅಂದರು. "ನಿಮಗೆ ಪಹಣಿ ಆಯ್ತು. ನಾವಿನ್ನೂ ಅರ್ಜಿ ಹಿಡ್ಕೊಂಡು ತಿರುಗ್ತಾ ಇದೀವಿ."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟ ಆ ನೀರಿನಡಿ ಮನೆ ಗದ್ದೆ ಬಿಟ್ಟುಬಂದ ಎಷ್ಟೋ ಕುಟುಂಬಗಳಿಗೆ, ಅರವತ್ತು ವರ್ಷ ಕಳೆದರೂ, ಬದಲಿಗೆ ಕೊಟ್ಟ ಜಾಗದ ಹಕ್ಕುಪತ್ರದ ಗೊಂದಲ ಬಗೆಹರಿದಿಲ್ಲ. ಆ ಜಾಗ ಅರಣ್ಯದ ಲೆಕ್ಕದಲ್ಲೇ ಉಳಿದದ್ದು ಕಾರಣ. ತೆಗೆದುಕೊಳ್ಳುವಾಗ ಸರ್ಕಾರಕ್ಕೆ ಇದ್ದ ಅವಸರ ಕೊಡುವಾಗ ಇರಲಿಲ್ಲ. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ 1978ರ 44ನೇ ತಿದ್ದುಪಡಿಯಲ್ಲಿ ಹೊರಬಿತ್ತು. ಅದು ಶ್ರೀಮಂತರ ಹಕ್ಕು ಎಂದೇ ಬಹಳ ಜನ ಈಗಲೂ ತಿಳಿದಿದ್ದಾರೆ. ಶ್ರೀಮಂತನಿಗೆ ವಕೀಲರಿದ್ದಾರೆ. ಆ ಹಕ್ಕು ಬೇಕಾದದ್ದು ಅಕ್ಕನ ಅಪ್ಪನಿಗೆ.

ಹಾಗೆಂದು ಮೇಷ್ಟ್ರ ಮಾತನ್ನು ದಾಟಿ ಹೋಗುವುದು ನನಗೆ ಸಾಧ್ಯವಿಲ್ಲ. ಸ್ವತಂತ್ರ ಪಕ್ಷ ಎಡವಿದ್ದೂ ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಸ್ವತಃ ದುಡಿಯುವವನ ಒಡೆತನ ಎಂದು ಬರೆದುಕೊಂಡ ಪಕ್ಷ, ದುಡಿದರೂ ಒಡೆತನ ಸಿಗದವನ ಬಳಿಗೆ ಹೋಗಬೇಕಿತ್ತು. ಹೋಗಲಿಲ್ಲ. ರಾಜಸ್ಥಾನದಲ್ಲಿ ಜೈಪುರದ ಮಹಾರಾಣಿ ಗಾಯತ್ರಿ ದೇವಿ, ಒರಿಸ್ಸಾದಲ್ಲಿ ಹಳೆಯ ಸಂಸ್ಥಾನಗಳ ರಾಜರು ಪಕ್ಷದ ಬಲವಾದರು. ಇದು ಉಳ್ಳವರ ಪಕ್ಷ ಎಂಬ ಎದುರಾಳಿಗಳ ಮಾತು ಜನರಲ್ಲಿ ನಿಂತುಬಿಟ್ಟಿತು. ಎಲ್ಲ ಸುಳ್ಳು ಎನ್ನಲಾರೆ.

ರಾಜಾಜಿಯವರ ವಿಷಯದಲ್ಲೂ ನಾನು ಕಣ್ಣುಮುಚ್ಚಲಾರೆ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ಮೇಲಿನ ನಿಯಂತ್ರಣ ತೆಗೆದ ಧೈರ್ಯ ಅವರದು. ಮರುವರ್ಷವೇ, ಶಾಲೆ ಅರ್ಧ ದಿನ, ಉಳಿದ ಹೊತ್ತು ಮಗು ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದವರೂ ಅವರೇ. ಅಪ್ಪನ ಜಾತಿಯ ಕಸುಬಿಗೇ ಮಗನನ್ನು ಕಟ್ಟಿಹಾಕುವ 'ಕುಲಕಲ್ವಿ' ಎಂದು ಜನ ಸಿಡಿದೆದ್ದರು, 1954ರಲ್ಲಿ ಅವರು ಹುದ್ದೆ ಬಿಡಬೇಕಾಯಿತು. ಅದಕ್ಕೂ ಮೊದಲು, 1937ರಲ್ಲಿ ಅಧಿಕಾರಕ್ಕೆ ಬಂದಾಗ ಸೇಲಂನಲ್ಲಿ ಪಾನನಿಷೇಧ, ಶಾಲೆಗಳಲ್ಲಿ ಹಿಂದಿ ಕಡ್ಡಾಯ. ಬಲವಂತ ಬೇಡ ಎಂದು 80ನೇ ವಯಸ್ಸಿನಲ್ಲಿ ಬರೆದ ಕೈ, ಅಧಿಕಾರ ಸಿಕ್ಕಿದಾಗ ಇದನ್ನೆಲ್ಲ ಮಾಡಿತ್ತು. ತನಗೆ ಒಳ್ಳೆಯದೆಂದು ಖಾತ್ರಿ ಇರುವ ವಿಷಯದಲ್ಲಿ ಸುಮ್ಮನಿರುವುದು ಎಂಥ ದೊಡ್ಡವರಿಗೂ ಕಷ್ಟ. ಹಾಗಾಗಿ, ಬೇರೆಯವರ ಅಧಿಕಾರಕ್ಕೆ ಗಡಿ ಹಾಕುವ ಕೂಟ ಮೊದಲು ತನಗೆ ತಾನೇ ಗಡಿ ಹಾಕಿಕೊಳ್ಳಬೇಕು ಎಂದು ನಾನು ಹಟ ಹಿಡಿದಿದ್ದೇನೆ.

ಆ ಪಕ್ಷದ 21ನೇ ತತ್ವ ಇದನ್ನೇ ಹೇಳುತ್ತದೆ. ಮೂಲ ತತ್ವಗಳ ವ್ಯಾಪ್ತಿಗೆ ಬಾರದ ಯಾವುದೇ ವಿಷಯದಲ್ಲಿ ಸದಸ್ಯರು ತಮಗೆ ಸರಿ ಕಂಡಂತೆ ಮಾತಾಡಬಹುದು, ನಡೆಯಬಹುದು. ಪಕ್ಷವೊಂದು ತನ್ನ ಸದಸ್ಯರ ಮೇಲಿನ ತನ್ನದೇ ಅಧಿಕಾರವನ್ನು ಮೊಟಕುಗೊಳಿಸಿಕೊಂಡ ಸಾಲು ಇದು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದ ಶಾಸಕನ ಸ್ಥಾನವೇ ಹೋಗಬಹುದು. ವಿಪ್ ಕೊಡದೇ ಇರುವ ಸ್ವಾತಂತ್ರ್ಯ ಪಕ್ಷಗಳಿಗೆ ಈಗಲೂ ಇದೆ. ಅದನ್ನು ಎಷ್ಟು ಪಕ್ಷಗಳು ಬಳಸುತ್ತವೆ, ನೀವೇ ನೋಡುತ್ತಿದ್ದೀರಿ.

ಸಭೆಯಲ್ಲಿ ನಾನು ಹೇಳಿದ ಇನ್ನೊಂದು ಹೆಸರು ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ. ಆಗಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೆಳ್ಳಿಕೋತ್‌ನಲ್ಲಿ ಹುಟ್ಟಿದವರು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ದೇಶದ ದೊಡ್ಡ ಅರ್ಥಶಾಸ್ತ್ರಜ್ಞರ ಸಮಿತಿ ಒಪ್ಪಿತು, ಇವರೊಬ್ಬರೇ ಭಿನ್ನಮತ ಬರೆದು ಕೊಟ್ಟರು. ನೋಟು ಮುದ್ರಿಸಿ ಇಷ್ಟು ದೊಡ್ಡ ಯೋಜನೆ ಮಾಡಿದರೆ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ಹಿಡಿಯಲು ನಿಯಂತ್ರಣಗಳ ಮೇಲೆ ನಿಯಂತ್ರಣ ಬರುತ್ತದೆ ಎಂಬುದು ಅವರ ಎಚ್ಚರಿಕೆ. ನನಗೆ ಶೆಣೈ ಅವರ ತೀರ್ಮಾನದಷ್ಟೇ ಮುಖ್ಯವಾಗಿ ಕಾಣುವುದು, ಅವರ ಆ ಟಿಪ್ಪಣಿ ಕಡತದಲ್ಲಿ ಉಳಿದದ್ದು. ಒಪ್ಪದವನ ಮಾತಿಗೂ ಕಾಗದದಲ್ಲಿ ಜಾಗ ಇತ್ತು.

ಇನ್ನು ನಮ್ಮ ಕರಡಿನ ವಿಷಯ. ಸಹಕಾರ ಎಂಬ ಶಬ್ದ ತೆಗೆಯಬೇಕು ಎಂದು ಹುಡುಗರು ಹೇಳಿದರು, ನಾನು ಬಿಲ್‌ಕುಲ್ ಒಪ್ಪಲಿಲ್ಲ. 1905ರಲ್ಲೇ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದವರು. ಅಡಿಕೆ ಬೆಳೆಗಾರರ ಸಹಕಾರ ಸಂಘಗಳಲ್ಲಿ ಶಿವಮೊಗ್ಗದ ಮಾಮ್‌ಕೋಸ್ 1939ರದು, ಮಂಗಳೂರಿನ ಕ್ಯಾಂಪ್ಕೊ 1973ರದು. ಬೆಳೆದವರು ತಾವಾಗಿ ಕೈಜೋಡಿಸಿದ್ದು ಸ್ವಾತಂತ್ರ್ಯವೇ. ಬದು ಒಡೆದು ಸೇರು ಎಂದದ್ದು ಮಾತ್ರ ನಾಗಪುರ. 'ತಾವಾಗಿ' ಎಂಬ ಶಬ್ದವನ್ನು ಕರಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿದೆವು.

ಅನುಮತಿಗಳ ಬಗ್ಗೆ ಒಂದು ಕಲಂ ಇದೆ. ಒಂದು ಕಚೇರಿಯಲ್ಲಿ ಒಂದು ಸಣ್ಣ ದಾಖಲೆಗಾಗಿ ನಾನು ಹದಿನಾಲ್ಕು ಸಲ ಮೆಟ್ಟಿಲು ಹತ್ತಿದ್ದೇನೆ, ಪ್ರತಿ ಸಲವೂ 'ನಾಳೆ ಬನ್ನಿ'. ಆ ಅನುಭವ ಇಲ್ಲದವರು ನಮ್ಮ ಚಾಪೆಯ ಮೇಲೆ ಯಾರೂ ಇರಲಿಲ್ಲ. ಆದರೆ 2012ರಲ್ಲಿ ಜಾರಿಯಾದ ಸಕಾಲ ಕಾಯ್ದೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರನಿಗೆ ಪರಿಹಾರ. ಮೊತ್ತ ಸಣ್ಣದು. ಆದರೂ ಸರ್ಕಾರ ತನಗೆ ತಾನೇ ಗಡಿಯಾರ ಕಟ್ಟಿಕೊಂಡ ಕಾನೂನು ಅದು. ಎಲ್ಲ ಅನುಮತಿಗೂ ಗಡುವಿರಲಿ, ಗಡುವು ದಾಟಿದರೆ ಅನುಮತಿ ಸಿಕ್ಕಂತೆಯೇ ಎಂದು ನಾವು ಒಂದು ಹೆಜ್ಜೆ ಮುಂದೆ ಬರೆದಿದ್ದೇವೆ.

ಮುಂದೊಂದು ದಿನ ಪಕ್ಷವಾದರೆ ಎಂದು ಹುಡುಗನೊಬ್ಬ ಕೇಳಿದ. ಆಗ ಪ್ರಮಾಣ ಮಾಡಬೇಕಾಗುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ 1989ರಿಂದ ಜಾರಿಯಲ್ಲಿರುವ 29ಎ ಕಲಂ ಪ್ರಕಾರ ನೋಂದಣಿಯಾಗುವ ಪ್ರತಿ ಪಕ್ಷವೂ ಸಮಾಜವಾದಕ್ಕೆ ನಿಷ್ಠೆ ಎಂದು ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಬೇಕು. ಸಂವಿಧಾನದ ಪೀಠಿಕೆಯ ಆ ಪದಕ್ಕೆ ಕಲ್ಯಾಣ ರಾಜ್ಯ ಎಂಬ ಅರ್ಥ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿವರಿಸಿತು. ಆ ಅರ್ಥಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ವಿಚಾರಕ್ಕೆ ನಿಷ್ಠೆ ಬರೆದುಕೊಟ್ಟರೆ ಮಾತ್ರ ಚುನಾವಣೆಯ ಅಂಗಳಕ್ಕೆ ಪ್ರವೇಶ ಎಂಬುದು ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ. ಸಮಾಜವಾದಿ ಗೆಳೆಯರೂ ಇದನ್ನು ವಿರೋಧಿಸಬೇಕು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಊರುಕೇರಿಯವರಾದ ನಮಗೆ, ಬಲವಂತದ ಪ್ರಮಾಣದಿಂದ ಸಮಾಜವಾದ ಹುಟ್ಟಲಿಲ್ಲ ಎಂಬುದು ಗೊತ್ತಿರಬೇಕು.

ಕಳೆದ ಭಾನುವಾರ ಸಂಜೆ ಸಹಿ ಹಾಕುವ ಹೊತ್ತು. ಹತ್ತು ಸಹಿಯಾದವು. ಮೇಷ್ಟ್ರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. "ಆಸ್ತಿ ಕಲಂಗೆ ನನ್ನ ಒಪ್ಪಿಗೆ ಇಲ್ಲ. ಅಷ್ಟಕ್ಕೇ ನಾನು ಹೊರಗೋ?" ಎಂದು ಕೇಳಿದರು. ಒಪ್ಪದವರಿಗೂ ಇಲ್ಲಿ ಜಾಗ ಇದೆ ಎಂಬ ಕರಡಿನ ಕೊನೆಯ ಕಲಂ ಇನ್ನೊಮ್ಮೆ ಓದಿ ಹೇಳಿದೆ. ಅವರು ಹಾಳೆ ತಿರುಗಿಸಿ, ಹಿಂಬದಿಯಲ್ಲಿ, ಕಪ್ಪುಹಲಗೆಯ ಮೇಲೆ ಬರೆದು ಪಳಗಿದ ಗುಂಡು ಅಕ್ಷರದಲ್ಲಿ ಬರೆದರು: ಒಡೆತನ ಇಲ್ಲದವನಿಗೆ ಒಡೆತನ ಬರುವ ದಾರಿ ಈ ಕರಡಿನಲ್ಲಿ ಇಲ್ಲ, ಅದು ಬರುವವರೆಗೆ ನನ್ನ ಭಿನ್ನಮತ ಇರಲಿ. ಕೆಳಗೆ ಸಹಿ ಹಾಕಿದರು.

ನಾನು ಆ ಹಾಳೆಯ ಎರಡೂ ಬದಿ ಜೆರಾಕ್ಸ್ ಮಾಡಿಸಿದ್ದೇನೆ. ಮುಂದಿನ ಭಾನುವಾರ ಮೇಷ್ಟ್ರ ಬದಿಯಿಂದಲೇ ಚರ್ಚೆ ಶುರು.